ಕಡಲ ಹಕ್ಕಿಗಳ ಕಿಣ್ವ ಪರೀಕ್ಷೆ: ಪೀಡೆನಾಶಕ ನಿಯಂತ್ರಣದ ಫಲವನ್ನು ಅಳೆಯುವ ಜೈವಿಕ ಸೂಚಕ

(ಸಾರ್ವಜನಿಕರು ಹಾಗೂ ಅರ್ಜಿದಾರರ ಅವಗಾಹನೆಗಾಗಿ)

1. ಪೀಠಿಕೆ

2025ರ ಮೇ ತಿಂಗಳಿನಲ್ಲಿ ಜಿನೀವಾದಲ್ಲಿ ಮುಕ್ತಾಯಗೊಂಡ ಸ್ಟಾಕ್‌ಹೋಮ್ ಒಡಂಬಡಿಕೆಯ ಸದಸ್ಯ ರಾಷ್ಟ್ರಗಳ ಸಭೆಯು ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕವನ್ನು, ಕೆಲವು ನಿರ್ದಿಷ್ಟ ವಿನಾಯಿತಿಗಳೊಂದಿಗೆ, ಜಾಗತಿಕ ನಿರ್ಮೂಲನಾ ಪಟ್ಟಿಗೆ ಸೇರಿಸಿದೆ. ಇದಕ್ಕೂ ಮುನ್ನ, 2022ರ ಡಿಸೆಂಬರ್‌ನಲ್ಲಿ ಮಾಂಟ್ರಿಯಲ್‌ನಲ್ಲಿ ಅಂಗೀಕೃತವಾದ ಜಾಗತಿಕ ಜೀವವೈವಿಧ್ಯ ಚೌಕಟ್ಟಿನ 7ನೇ ಗುರಿಯಂತೆ, ಪೀಡೆನಾಶಕಗಳು ಮತ್ತು ಅತ್ಯಂತ ಅಪಾಯಕಾರಿ ರಾಸಾಯನಿಕಗಳಿಂದ ಉಂಟಾಗುವ ಒಟ್ಟಾರೆ ಅಪಾಯವನ್ನು 2030ರೊಳಗಾಗಿ ಕನಿಷ್ಠ ಅರ್ಧದಷ್ಟು ತಗ್ಗಿಸಬೇಕಾಗಿರುತ್ತದೆ. ಭಾರತದಲ್ಲಿಯೂ ಕೇಂದ್ರ ಸರ್ಕಾರವು 2018ರ ಆಗಸ್ಟ್‌ನಲ್ಲಿ 18 ಪೀಡೆನಾಶಕಗಳ ನಿಷೇಧಕ್ಕೆ ಆದೇಶ ಹೊರಡಿಸಿದ್ದು, ಅವುಗಳಲ್ಲಿ ಮೀಥೈಲ್ ಪ್ಯಾರಥಿಯಾನ್ ಮುಂತಾದವು ಕೂಡಲೇ, ಫೋರೇಟ್, ಫಾಸ್ಫಾಮಿಡಾನ್, ಟ್ರಯಜೋಫಾಸ್, ಡೈಕ್ಲೋರ್‌ವಾಸ್ ಸೇರಿದಂತೆ ಆರು 2020ರ ಡಿಸೆಂಬರ್ 31ರಿಂದ ನಿಷೇಧಕ್ಕೊಳಪಟ್ಟಿವೆ. 2023ರ ಆದೇಶವು ಮಾನೋಕ್ರೋಟೋಫಾಸ್‌ನ ಶೇ. 36ರ ದ್ರಾವಣವನ್ನು ಹಿಂತೆಗೆಯುವ ಕ್ರಮವನ್ನೂ ಒಳಗೊಂಡಿತ್ತು.

ಆದೇಶ ಹೊರಡಿಸುವುದು ನಿಯಂತ್ರಣದ ಮೊದಲ ಹೆಜ್ಜೆ ಮಾತ್ರ. ಆದೇಶದ ನಂತರ ಹೊಲ, ಹಳ್ಳ, ಅಳಿವೆ ಹಾಗೂ ಕಡಲತೀರದ ಜೀವಿಗಳ ಶರೀರಕ್ಕೆ ಸೇರುವ ವಿಷದ ಪ್ರಮಾಣ ನಿಜವಾಗಿಯೂ ಇಳಿದಿದೆಯೇ ಎಂಬುದು ಎರಡನೆಯ ಹಾಗೂ ಹೆಚ್ಚು ಕಠಿಣವಾದ ಪ್ರಶ್ನೆ. ಮಾರಾಟದ ಲೆಕ್ಕಪತ್ರಗಳು ಎಷ್ಟು ಲೀಟರ್ ಮಾರಾಟವಾಯಿತೆಂಬುದನ್ನು ತಿಳಿಸುತ್ತವೆ. ಅದರಲ್ಲಿ ಎಷ್ಟು ಭಾಗ ಜೀವಿಯ ದೇಹವನ್ನು ಹೊಕ್ಕಿತೆಂಬುದನ್ನು ತಿಳಿಸುವುದಿಲ್ಲ. ಈ ಅಂತರವನ್ನು ತುಂಬುವ ವಿಧಾನಗಳಲ್ಲಿ ಕಡಲ ಹಕ್ಕಿಗಳ ಕೋಲಿನ್‌ಎಸ್ಟರೇಸ್ ಕಿಣ್ವದ ಪರೀಕ್ಷೆಯೂ ಒಂದು. ಸದರಿ ಪರೀಕ್ಷೆಯ ತತ್ತ್ವ, ಉಪಯೋಗ ಹಾಗೂ ಮಿತಿಗಳನ್ನು ಮತ್ತು ಈ ವಿಷಯದಲ್ಲಿ ನಾಗರಿಕರು ವಹಿಸಬೇಕಾದ ಎಚ್ಚರಿಕೆಗಳನ್ನು ಮುಂದಿನ ಪರಿಚ್ಛೇದಗಳಲ್ಲಿ ವಿವರಿಸಲಾಗಿದೆ.

2. ಹಿನ್ನೆಲೆ: ಉಳಿಕೆಯ ಪರೀಕ್ಷೆಯಿಂದ ಕಿಣ್ವದ ಪರೀಕ್ಷೆಯವರೆಗೆ

ಪೀಡೆನಾಶಕಗಳ ದುಷ್ಪರಿಣಾಮವನ್ನು ಜಗತ್ತಿಗೆ ಮೊದಲು ಮನದಟ್ಟು ಮಾಡಿಸಿದವುಗಳಲ್ಲಿ ಕಡಲ ಹಕ್ಕಿಗಳೂ ಸೇರಿವೆ. ಅಮೆರಿಕದ ಕ್ಯಾಲಿಫೋರ್ನಿಯಾ ಕರಾವಳಿಯ ಅನಕಾಪಾ ದ್ವೀಪದಲ್ಲಿ 1970ರಲ್ಲಿ ಕಂದು ಹೆಜ್ಜಾರ್ಲೆಗಳು ಐನೂರಕ್ಕೂ ಹೆಚ್ಚು ಗೂಡುಗಳನ್ನು ಕಟ್ಟಿದ್ದರೂ ಬದುಕುಳಿದ ಮರಿ ಒಂದೇ ಒಂದು. ಡಿಡಿಟಿಯಿಂದ ಉತ್ಪನ್ನವಾಗುವ ಡಿಡಿಇ ಎಂಬ ವಸ್ತು ಮೊಟ್ಟೆಯ ಕವಚವನ್ನು ತೆಳುವಾಗಿಸಿದ್ದರಿಂದ, ಕಾವು ಕೂತ ತಾಯಿಯ ಭಾರಕ್ಕೇ ಮೊಟ್ಟೆಗಳು ಒಡೆಯುತ್ತಿದ್ದವು. 1972ರಲ್ಲಿ ಅಮೆರಿಕವು ಕೃಷಿಯಲ್ಲಿ ಡಿಡಿಟಿ ಬಳಕೆಯನ್ನು ನಿಷೇಧಿಸಿತು. ಕಂದು ಹೆಜ್ಜಾರ್ಲೆಯ ಸಂಖ್ಯೆ ಕ್ರಮೇಣ ಚೇತರಿಸಿಕೊಂಡು, 2009ರಲ್ಲಿ ಅದನ್ನು ಆ ದೇಶದ ಅಪಾಯದಂಚಿನ ಜೀವಿಗಳ ಪಟ್ಟಿಯಿಂದ ಕೈಬಿಡಲಾಯಿತು.

ಡಿಡಿಟಿಯಂತಹ ಆರ್ಗನೋಕ್ಲೋರಿನ್ ರಾಸಾಯನಿಕಗಳು ಕೊಬ್ಬಿನಲ್ಲಿ ಸಂಗ್ರಹಗೊಂಡು ವರ್ಷಗಟ್ಟಲೆ ಉಳಿಯುತ್ತವೆ. ಆದುದರಿಂದ ಮೊಟ್ಟೆ ಅಥವಾ ಮಾಂಸಖಂಡದಲ್ಲಿ ಅವುಗಳ ಉಳಿಕೆಯನ್ನು ಅಳೆದರೆ ಸಾಕಾಗುತ್ತಿತ್ತು. ಉತ್ತರ ಅಮೆರಿಕದ ಮಹಾಸರೋವರಗಳಲ್ಲಿ ಕೆನಡಾ 1970ರ ದಶಕದಲ್ಲಿ ಆರಂಭಿಸಿದ, ಕಡಲಕಾಗೆಗಳ ಮೊಟ್ಟೆಗಳನ್ನು ಪ್ರತಿ ವರ್ಷ ಪರೀಕ್ಷಿಸುವ ಕಾರ್ಯಕ್ರಮವು ಇದೇ ತತ್ತ್ವವನ್ನು ಆಧರಿಸಿದೆ.

ಡಿಡಿಟಿಯ ಸ್ಥಾನಕ್ಕೆ ಬಂದ ಆರ್ಗನೋಫಾಸ್ಫೇಟ್ ಮತ್ತು ಕಾರ್ಬಮೇಟ್ ವರ್ಗದ ಕೀಟನಾಶಕಗಳ ಸ್ವಭಾವ ಬೇರೆ. ಇವು ಪರಿಸರದಲ್ಲಿಯೂ ದೇಹದಲ್ಲಿಯೂ ತುಲನಾತ್ಮಕವಾಗಿ ಬೇಗನೆ ವಿಘಟನೆಗೊಳ್ಳುತ್ತವೆ. ಆದರೆ ತಕ್ಷಣದ ವಿಷತೀವ್ರತೆ ಅನೇಕ ಸಂದರ್ಭಗಳಲ್ಲಿ ಡಿಡಿಟಿಗಿಂತ ಅಧಿಕ. ಹಕ್ಕಿಯು ಸತ್ತ ಬಳಿಕ ಅಥವಾ ಕೆಲವು ದಿನ ನರಳಿ ಚೇತರಿಸಿಕೊಂಡ ಬಳಿಕ ಅಂಗಾಂಶದಲ್ಲಿ ಮೂಲ ರಾಸಾಯನಿಕ ಸಿಗದೇ ಹೋಗಬಹುದು. ವಸ್ತು ಮಾಯವಾದರೂ ಅದು ಮಾಡಿದ ಹಾನಿಯ ಗುರುತು ಕಿಣ್ವದಲ್ಲಿ ಕೆಲಕಾಲ ಉಳಿದಿರುತ್ತದೆ. ಆ ಗುರುತನ್ನು ಅಳೆಯುವುದೇ ಕಿಣ್ವ ಪರೀಕ್ಷೆಯ ಉದ್ದೇಶ.

3. ಕಿಣ್ವದ ಕಾರ್ಯ

ನರತಂತುಗಳು ಪರಸ್ಪರ ಹಾಗೂ ಸ್ನಾಯುಗಳಿಗೆ ಸಂದೇಶ ರವಾನಿಸಲು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಬಳಸುತ್ತವೆ. ಸಂದೇಶ ತಲುಪಿದೊಡನೆ ಅದನ್ನು ಒಡೆದು ನರಸಂಧಿಯನ್ನು ಮುಂದಿನ ಸಂದೇಶಕ್ಕೆ ಅಣಿಗೊಳಿಸುವ ಕಾರ್ಯ ಅಸಿಟೈಲ್‌ಕೋಲಿನ್‌ಎಸ್ಟರೇಸ್ ಕಿಣ್ವದ್ದು. ಆರ್ಗನೋಫಾಸ್ಫೇಟ್ ಹಾಗೂ ಕಾರ್ಬಮೇಟ್ ಅಣುಗಳು ಈ ಕಿಣ್ವದ ಕ್ರಿಯಾಸ್ಥಾನಕ್ಕೆ ಅಂಟಿಕೊಂಡು ಅದನ್ನು ನಿಷ್ಕ್ರಿಯಗೊಳಿಸುತ್ತವೆ. ಆಗ ಅಸಿಟೈಲ್‌ಕೋಲಿನ್ ಒಡೆಯದೇ ಶೇಖರಗೊಂಡು ನರಗಳು ಬಿಡುವಿಲ್ಲದೆ ಉತ್ತೇಜನಗೊಳ್ಳುತ್ತವೆ. ನಡುಕ, ಜೊಲ್ಲು ಸುರಿಯುವುದು, ರೆಕ್ಕೆ ಹಾಗೂ ಕಾಲುಗಳ ಮೇಲಿನ ಹಿಡಿತ ತಪ್ಪುವುದು, ಕೊನೆಗೆ ಉಸಿರಾಟ ನಿಂತು ಸಾವು ಸಂಭವಿಸುವುದು ಇದರ ಪರಿಣಾಮ. ಮನುಷ್ಯನ ಶರೀರದಲ್ಲಿಯೂ ಈ ವಿಷಗಳು ವರ್ತಿಸುವುದು ಇದೇ ರೀತಿಯಲ್ಲಿ.

ಈ ಎರಡು ವರ್ಗಗಳ ನಡುವೆ ಮುಖ್ಯವಾದ ವ್ಯತ್ಯಾಸವೊಂದಿದೆ. ಕಾರ್ಬಮೇಟ್ ಅಣು ಕಿಣ್ವದಿಂದ ತಾನಾಗಿಯೇ ಕೆಲವು ಗಂಟೆಗಳಲ್ಲಿ ಕಳಚಿಕೊಳ್ಳಬಹುದು. ಆರ್ಗನೋಫಾಸ್ಫೇಟ್ ಬಂಧವು ಗಟ್ಟಿಯಾಗಿದ್ದು, ಮಿದುಳಿನ ಕಿಣ್ವವು ಸಹಜ ಮಟ್ಟಕ್ಕೆ ಮರಳಲು ದಿನಗಳು, ಕೆಲವೊಮ್ಮೆ ವಾರಗಳು ಬೇಕಾಗುತ್ತವೆ. ರಕ್ತದಲ್ಲಿನ ಕಿಣ್ವವು ಸಾಮಾನ್ಯವಾಗಿ ಮಿದುಳಿನದಕ್ಕಿಂತ ಬೇಗ ಕುಸಿದು, ಬೇಗ ಚೇತರಿಸಿಕೊಳ್ಳುತ್ತದೆ.

4. ಕಡಲ ಹಕ್ಕಿಗಳನ್ನು ಆಯ್ಕೆ ಮಾಡುವುದೇಕೆ

ಕಡಲ ಹಕ್ಕಿಗಳನ್ನು ಮೇಲ್ವಿಚಾರಣೆಗೆ ಬಳಸಲು ಈ ಕೆಳಕಂಡ ಕಾರಣಗಳಿವೆ:

(ಅ) ಕಡಲಕಾಗೆ, ರೀವ, ನೀರುಕಾಗೆ ಮುಂತಾದವು ದೊಡ್ಡ ವಸಾಹತುಗಳಲ್ಲಿ ಗೂಡು ಕಟ್ಟುತ್ತವೆ. ಒಂದೇ ಸ್ಥಳದಲ್ಲಿ ಅನೇಕ ಹಕ್ಕಿಗಳ ಮಾದರಿ ಲಭ್ಯವಾಗುತ್ತದೆ.

(ಆ) ಅನೇಕ ಜಾತಿಗಳು ವರ್ಷದಿಂದ ವರ್ಷಕ್ಕೆ ಅದೇ ತಾಣಕ್ಕೆ ಮರಳುತ್ತವೆ. ಕಾಲಿಗೆ ಉಂಗುರ ತೊಡಿಸಿದ ಹಕ್ಕಿಯನ್ನು ಮರುವರ್ಷವೂ ಪರೀಕ್ಷಿಸಿ ಹೋಲಿಸಬಹುದು.

(ಇ) ಆಹಾರ ಸರಪಳಿಯ ಮೇಲ್ತುದಿಯಲ್ಲಿರುವುದರಿಂದ ನೀರು, ಮೀನು ಹಾಗೂ ಕೀಟಗಳಲ್ಲಿ ಹರಡಿರುವ ವಿಷ ಅವುಗಳ ಶರೀರದಲ್ಲಿ ಒಟ್ಟುಗೂಡಿ ಗೋಚರಿಸುತ್ತದೆ.

(ಈ) ಆರ್ಗನೋಫಾಸ್ಫೇಟ್‌ಗಳನ್ನು ಒಡೆಯುವ ರಕ್ತದ ಕಿಣ್ವಗಳು ಹಕ್ಕಿಗಳಲ್ಲಿ ಸಸ್ತನಿಗಳಿಗಿಂತ ಬಹಳ ಕಡಿಮೆ. ಮೀನು ತಿನ್ನುವ ಹಕ್ಕಿಗಳ ಯಕೃತ್ತಿನಲ್ಲಿ ವಿಷ ನಿವಾರಕ ಕಿಣ್ವಗಳ ಚಟುವಟಿಕೆಯೂ ಕಡಿಮೆಯೇ. ಆದುದರಿಂದ ಸಸ್ತನಿಗಳಲ್ಲಿ ಲಕ್ಷಣ ಕಾಣಿಸದ ಪ್ರಮಾಣವೂ ಹಕ್ಕಿಗಳ ಮೇಲೆ ಪರಿಣಾಮ ಬೀರಬಲ್ಲದು.

(ಉ) ಅತ್ಯಲ್ಪ ಪ್ರಮಾಣದ ರಕ್ತ ಪರೀಕ್ಷೆಗೆ ಸಾಕಾಗುವುದರಿಂದ ಹಕ್ಕಿಯನ್ನು ಕೊಲ್ಲುವ ಅಗತ್ಯವಿಲ್ಲ. ಹಕ್ಕಿಗಳಲ್ಲಿ ಈ ಕಿಣ್ವವು ಕೆಂಪು ರಕ್ತಕಣಗಳಲ್ಲಿರದೆ ರಕ್ತದ್ರವದಲ್ಲಿರುವುದರಿಂದ ರಕ್ತದ್ರವವನ್ನೇ ಬಳಸಲಾಗುತ್ತದೆ.

ಆದರೆ ಎಲ್ಲ ಕಡಲ ಹಕ್ಕಿಗಳೂ ಈ ಕಾರ್ಯಕ್ಕೆ ಸಮಾನವಾಗಿ ಉಪಯುಕ್ತವಲ್ಲ. ತೀರದಿಂದ ಬಹುದೂರ ಆಳಸಮುದ್ರದಲ್ಲಿ ಆಹಾರ ಅರಸುವ ಹಕ್ಕಿಗಳನ್ನು ತಲುಪುವ ಮೊದಲೇ ಈ ವಿಷಗಳು ಬಹುಮಟ್ಟಿಗೆ ದುರ್ಬಲಗೊಂಡಿರುತ್ತವೆ. ಅಳಿವೆಗಳಲ್ಲಿ ಮೀನು ಹಿಡಿಯುವ ಮತ್ತು ತೀರದ ಹೊಲಗಳಲ್ಲಿ ಹುಳು ಹೆಕ್ಕುವ ಜಾತಿಗಳೇ ಹೆಚ್ಚು ಸೂಕ್ತ. ಈ ಮಾತಿಗೆ ಅಮೆರಿಕದ ಟೆಕ್ಸಾಸ್ ಕರಾವಳಿಯ ಪ್ರಕರಣವು ಸ್ಪಷ್ಟ ನಿದರ್ಶನ.

5. ಟೆಕ್ಸಾಸ್ ಪ್ರಕರಣ

ಟೆಕ್ಸಾಸ್ ಕರಾವಳಿಯಲ್ಲಿ ಲಾಫಿಂಗ್ ಗಲ್ ಎಂಬ ಕಡಲಕಾಗೆಯ ವಸಾಹತೊಂದರಲ್ಲಿ ನೂರರ ಆಸುಪಾಸಿನ ವಯಸ್ಕ ಹಕ್ಕಿಗಳು ಹಾಗೂ ಮರಿಗಳಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಸತ್ತುದನ್ನು 1979ರಲ್ಲಿ ಪ್ರಕಟವಾದ ಅಧ್ಯಯನವೊಂದು ದಾಖಲಿಸಿದೆ. ಈ ಹಕ್ಕಿಗಳು ಗೂಡು ಕಟ್ಟಿದ್ದು ಕಡಲಂಚಿನಲ್ಲಿ. ವಿಷ ಬಂದದ್ದು ಕೆಲವು ಕಿಲೋಮೀಟರ್ ದೂರದ ಹತ್ತಿ ಹೊಲಗಳಿಂದ. ಹತ್ತಿಯ ಕೀಟ ನಿಯಂತ್ರಣಕ್ಕಾಗಿ ಪ್ಯಾರಥಿಯಾನ್ ಎಂಬ ಆರ್ಗನೋಫಾಸ್ಫೇಟ್ ಸಿಂಪಡಿಸಲಾಗಿತ್ತು. ವಿಷ ತಗುಲಿ ಸಾಯುತ್ತಿದ್ದ ಕೀಟಗಳು ಹಕ್ಕಿಗಳಿಗೆ ಸುಲಭದ ಆಹಾರವಾದವು. ವಯಸ್ಕ ಹಕ್ಕಿಗಳು ತಾವು ತಿಂದುದಲ್ಲದೆ ಅವೇ ಕೀಟಗಳನ್ನು ಗೂಡಿಗೊಯ್ದು ಮರಿಗಳಿಗೆ ಉಣಿಸಿದವು.

ಸತ್ತ ಹಕ್ಕಿಗಳ ಮಿದುಳಿನಲ್ಲಿ ಕೋಲಿನ್‌ಎಸ್ಟರೇಸ್ ಚಟುವಟಿಕೆ ತೀವ್ರವಾಗಿ ಕುಸಿದಿತ್ತು. ಜಠರದಲ್ಲಿದ್ದ ಆಹಾರದಲ್ಲಿ ಪ್ಯಾರಥಿಯಾನ್ ಪತ್ತೆಯಾಯಿತು. ಕಿಣ್ವದ ಪರೀಕ್ಷೆ ಸಾವಿನ ಬಗೆಯನ್ನು, ಜಠರದ ಪರೀಕ್ಷೆ ವಿಷದ ಹೆಸರನ್ನು, ಕೀಟಗಳ ಅವಶೇಷ ವಿಷ ಬಂದ ದಾರಿಯನ್ನು ತಿಳಿಸಿದವು. ಈ ಮೂರು ಸಾಕ್ಷ್ಯಗಳು ಒಟ್ಟುಗೂಡಿದ್ದರಿಂದಲೇ ಕಾರಣ ನಿರ್ವಿವಾದವಾಗಿ ಸ್ಥಾಪಿತವಾಯಿತು.

ಸಾಯದ ಹಕ್ಕಿಗಳ ಸ್ಥಿತಿಯನ್ನೂ ಸಂಶೋಧಕರು ಪರಿಶೀಲಿಸಿದರು. 1983ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇದೇ ಜಾತಿಯ ಕೆಲವು ಹಕ್ಕಿಗಳಿಗೆ ಮಾರಕವಲ್ಲದ ಪ್ರಮಾಣದ ಪ್ಯಾರಥಿಯಾನ್ ನೀಡಿದಾಗ, ಅವು ಮೊದಲ ದಿನಗಳಲ್ಲಿ ಕಾವು ಕೂರುವ ಅವಧಿ ಕಡಿಮೆಯಾಯಿತು. ಕಾವು ತಪ್ಪಿದ ಮೊಟ್ಟೆ ಬಿಸಿಲಿಗೂ ಬೇಟೆಗಾರ ಪ್ರಾಣಿಗಳಿಗೂ ತೆರೆದುಕೊಳ್ಳುತ್ತದೆ. ಇಂತಹ ನಷ್ಟದಲ್ಲಿ ಎಣಿಸಲು ಶವಗಳು ಸಿಗುವುದಿಲ್ಲ. ಸತ್ತ ಹಕ್ಕಿಗಳನ್ನಷ್ಟೇ ಎಣಿಸುವ ವ್ಯವಸ್ಥೆಗೆ ಕಾಣದಿರುವ ಈ ಹಾನಿಯನ್ನು ಜೀವಂತ ಹಕ್ಕಿಯ ಕಿಣ್ವ ಪರೀಕ್ಷೆ ತೋರಿಸಬಲ್ಲದು.

6. ಅಳತೆಯ ವಿಧಾನ ಮತ್ತು ಮಾನದಂಡ

1961ರಲ್ಲಿ ಪ್ರಕಟವಾದ ಎಲ್‌ಮನ್ ವಿಧಾನವು ಇಂದಿಗೂ ಬಳಕೆಯಲ್ಲಿದೆ. ಮಾದರಿಯಲ್ಲಿರುವ ಕಿಣ್ವವು ಸೇರಿಸಿದ ವಸ್ತುವನ್ನು ಒಡೆದಂತೆಲ್ಲಾ ಹಳದಿ ಬಣ್ಣ ಮೂಡುತ್ತದೆ. ಬಣ್ಣ ಗಾಢವಾಗುವ ವೇಗವೇ ಕಿಣ್ವದ ಚಟುವಟಿಕೆಯ ಅಳತೆ. ಇದಕ್ಕೆ ಬೇಕಾಗುವ ಉಪಕರಣ ದುಬಾರಿಯಲ್ಲ. ಸಾಮಾನ್ಯ ಜೀವರಸಾಯನ ಪ್ರಯೋಗಾಲಯದಲ್ಲಿಯೂ ಇದನ್ನು ನಡೆಸಬಹುದು.

ದೊರೆತ ಅಂಕಿಯ ಅರ್ಥೈಸುವಿಕೆಗೆ 1975ರಲ್ಲಿ ಅಮೆರಿಕದ ವನ್ಯಜೀವಿ ಸಂಶೋಧಕರು ಪ್ರಕಟಿಸಿದ ಮಾನದಂಡವನ್ನು ವ್ಯಾಪಕವಾಗಿ ಅನುಸರಿಸಲಾಗುತ್ತಿದೆ. ಅದರಂತೆ ಹಕ್ಕಿಯ ಮಿದುಳಿನ ಕಿಣ್ವ ಚಟುವಟಿಕೆಯು ಸಹಜ ಮಟ್ಟಕ್ಕಿಂತ ಶೇ. 20ರಷ್ಟು ಕುಸಿದಿದ್ದರೆ ವಿಷಕ್ಕೆ ಒಡ್ಡಿಕೊಂಡಿದೆ ಎಂದೂ, ಸತ್ತ ಹಕ್ಕಿಯಲ್ಲಿ ಶೇ. 50 ಅಥವಾ ಅದಕ್ಕಿಂತ ಹೆಚ್ಚು ಕುಸಿದಿದ್ದರೆ ಸಾವಿಗೆ ಈ ವರ್ಗದ ವಿಷವೇ ಕಾರಣವೆಂದೂ ಪರಿಗಣಿಸಲಾಗುತ್ತದೆ. ಉದಾಹರಣೆಗೆ, ಒಂದು ಜಾತಿಯ ಸಹಜ ಮಟ್ಟ 100 ಅಂಶಗಳೆಂದು ಭಾವಿಸಿದಲ್ಲಿ, 78 ಅಂಶ ದೊರೆತ ಹಕ್ಕಿಯು ವಿಷಕ್ಕೆ ಒಡ್ಡಿಕೊಂಡದ್ದು. 45 ಅಂಶ ದೊರೆತ ಸತ್ತ ಹಕ್ಕಿಯು ವಿಷದಿಂದ ಸತ್ತದ್ದು.

ಈ ಲೆಕ್ಕದಲ್ಲಿ ನಿರ್ಣಾಯಕವಾದುದು 78 ಅಥವಾ 45 ಎಂಬ ಅಂಕಿಯಲ್ಲ, 100 ಎಂಬ ಅಂಕಿ. ಸಹಜ ಮಟ್ಟವು ಜಾತಿಯಿಂದ ಜಾತಿಗೆ ಬದಲಾಗುತ್ತದೆ. ಒಂದೇ ಜಾತಿಯಲ್ಲಿಯೂ ವಯಸ್ಸು, ಋತು ಹಾಗೂ ಕೆಲವೊಮ್ಮೆ ಲಿಂಗಕ್ಕೆ ಅನುಗುಣವಾಗಿ ವ್ಯತ್ಯಾಸವಾಗುತ್ತದೆ. ಮರಿಗಳ ಮಿದುಳಿನ ಕಿಣ್ವವು ಬೆಳೆದಂತೆ ಏರುತ್ತಾ ಹೋಗುವುದರಿಂದ, ಮರಿಯನ್ನು ವಯಸ್ಕ ಹಕ್ಕಿಗೆ ಹೋಲಿಸಿದರೆ ಇಲ್ಲದ ವಿಷ ಕಂಡಂತಾಗುತ್ತದೆ. ವಿಷ ತಗುಲದ, ಅದೇ ಜಾತಿಯ, ಅದೇ ವಯೋಮಾನದ ಹಕ್ಕಿಗಳ ಅಳತೆಯನ್ನು ಅದೇ ಪ್ರಯೋಗಾಲಯವು ಅದೇ ವಿಧಾನದಲ್ಲಿ ಮೊದಲೇ ದಾಖಲಿಸಿಟ್ಟಿರಬೇಕು. ಇದನ್ನು ಆಧಾರಮಟ್ಟ ಎನ್ನಲಾಗುತ್ತದೆ. ಆಧಾರಮಟ್ಟವಿಲ್ಲದ ವರದಿಯು, ಹಿಂದಿನ ವರ್ಷದ ಗುರುತೇ ಇಲ್ಲದ ಕೆರೆಯ ನೀರಿನ ಮಟ್ಟದಂತೆ. ಅಳತೆಯೇನೋ ಇರುತ್ತದೆ, ಏರಿತೋ ಇಳಿಯಿತೋ ತಿಳಿಯುವುದಿಲ್ಲ.

ಮನುಷ್ಯರ ವಿಷಯದಲ್ಲಿಯೂ ಇದೇ ತತ್ತ್ವ ಅನ್ವಯಿಸುತ್ತದೆ. ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 1974ರಿಂದ ಈ ವರ್ಗದ ಕೀಟನಾಶಕ ಬೆರೆಸುವ ಮತ್ತು ಸಿಂಪಡಿಸುವ ಕಾರ್ಮಿಕರ ರಕ್ತ ಪರೀಕ್ಷೆ ಕಡ್ಡಾಯವಾಗಿದೆ. ಅಲ್ಲಿ ಪ್ರತಿ ಕಾರ್ಮಿಕನ ಆಧಾರಮಟ್ಟವನ್ನು ವಿಷದ ಸಂಪರ್ಕಕ್ಕೆ ಬರುವ ಮೊದಲೇ ದಾಖಲಿಸಲಾಗುತ್ತದೆ. ಕೆಂಪು ರಕ್ತಕಣದ ಕಿಣ್ವವು ಆ ಮಟ್ಟದ ಶೇ. 70ಕ್ಕೆ ಅಥವಾ ರಕ್ತದ್ರವದ ಕಿಣ್ವವು ಶೇ. 60ಕ್ಕೆ ಇಳಿದಲ್ಲಿ ಕಾರ್ಮಿಕನನ್ನು ಆ ಕೆಲಸದಿಂದ ದೂರವಿರಿಸಲಾಗುತ್ತದೆ.

7. ಪರೀಕ್ಷೆಯ ಮಿತಿಗಳು

ಸದರಿ ಪರೀಕ್ಷೆಯ ಫಲಿತಾಂಶವನ್ನು ಅರ್ಥೈಸುವಾಗ ಈ ಕೆಳಕಂಡ ಅಂಶಗಳನ್ನು ಗಮನದಲ್ಲಿರಿಸಿಕೊಳ್ಳುವುದು ಅವಶ್ಯ:

(ಅ) ಕಾಲ: ಕಾರ್ಬಮೇಟ್ ವಿಷದಿಂದ ಸತ್ತ ಹಕ್ಕಿಯ ಶವ ಬಿಸಿಲಿನಲ್ಲಿ ಬಿದ್ದಿದ್ದರೆ ಕಿಣ್ವವು ಸಾವಿನ ನಂತರವೂ ವಿಷದಿಂದ ಬಿಡುಗಡೆಗೊಂಡು ಅಳತೆ ಸಹಜವೆಂಬಂತೆ ತೋರಬಹುದು. ಮತ್ತೊಂದೆಡೆ, ಕೊಳೆತ ಶವದಲ್ಲಿ ಕಿಣ್ವವೇ ನಾಶವಾಗಿ ವಿಷವಿಲ್ಲದೆಯೂ ಅಳತೆ ಕುಸಿದಂತೆ ತೋರಬಹುದು. ಮಾದರಿಯನ್ನು ಶೀಘ್ರವಾಗಿ ಸಂಗ್ರಹಿಸಿ ಅತಿಶೀತಲ ಸ್ಥಿತಿಯಲ್ಲಿ ಇರಿಸದಿದ್ದಲ್ಲಿ ವರದಿಯು ಎರಡೂ ದಿಕ್ಕಿನಲ್ಲಿ ದಾರಿ ತಪ್ಪಿಸಬಹುದು.

(ಆ) ವಿಷದ ಹೆಸರು: ಈ ಪರೀಕ್ಷೆಯು ವಿಷದ ವರ್ಗವನ್ನು ಸೂಚಿಸುತ್ತದೆಯೇ ಹೊರತು ನಿರ್ದಿಷ್ಟ ಉತ್ಪನ್ನವನ್ನಲ್ಲ. ಪ್ರಯೋಗಾಲಯದಲ್ಲಿ ಕಿಣ್ವವನ್ನು ಪುನಶ್ಚೇತನಗೊಳಿಸಿ ನೋಡುವ ಹೆಚ್ಚುವರಿ ಪರೀಕ್ಷೆಯಿಂದ ಅದು ಆರ್ಗನೋಫಾಸ್ಫೇಟೋ ಕಾರ್ಬಮೇಟೋ ಎಂಬುದನ್ನು ಗುರುತಿಸಬಹುದು. ಉತ್ಪನ್ನದ ಹೆಸರಿಗೆ ಜಠರದಲ್ಲಿನ ಆಹಾರದ ರಾಸಾಯನಿಕ ವಿಶ್ಲೇಷಣೆ ಅಗತ್ಯ.

(ಇ) ಬೇರೆ ವರ್ಗದ ವಿಷಗಳು: ಎಲ್ಲ ಪೀಡೆನಾಶಕಗಳೂ ಈ ಕಿಣ್ವದ ಮೇಲೆ ಪರಿಣಾಮ ಬೀರುವುದಿಲ್ಲ. ದಕ್ಷಿಣ ಕನ್ನಡ ಜಿಲ್ಲೆಯ ಗೇರು ತೋಟಗಳಲ್ಲಿ ವೈಮಾನಿಕ ಸಿಂಪಡಣೆಯಾಗಿದ್ದ ಎಂಡೋಸಲ್ಫಾನ್ ಇದಕ್ಕೆ ಉದಾಹರಣೆ. 2011ರಲ್ಲಿ ಸ್ಟಾಕ್‌ಹೋಮ್ ಒಡಂಬಡಿಕೆಯ ಪಟ್ಟಿಗೆ ಸೇರಿದ ಮತ್ತು ಅದೇ ವರ್ಷದ ಮೇ 13ರಂದು ಸರ್ವೋಚ್ಚ ನ್ಯಾಯಾಲಯದ ತಡೆಗೆ ಒಳಪಟ್ಟ ಈ ರಾಸಾಯನಿಕವು ನರಗಳ ಮೇಲೆ ಬೇರೆಯೇ ಮಾರ್ಗದಲ್ಲಿ ವರ್ತಿಸುತ್ತದೆ. ಅದರ ಬಾಧೆಗೊಳಗಾದವರ ಅಥವಾ ಹಕ್ಕಿಗಳ ಕೋಲಿನ್‌ಎಸ್ಟರೇಸ್ ಸಹಜವಾಗಿರುವುದು ಬಾಧೆಯಿಲ್ಲವೆಂಬುದಕ್ಕೆ ಪುರಾವೆಯಾಗುವುದಿಲ್ಲ. ನಿಯೋನಿಕೋಟಿನಾಯ್ಡ್ ಮತ್ತು ಪೈರೆಥ್ರಾಯ್ಡ್ ವರ್ಗಗಳಿಗೂ ಈ ಮಾತು ಅನ್ವಯಿಸುತ್ತದೆ.

ಕೊನೆಯ ಅಂಶವು ಇಂದಿನ ಸಂದರ್ಭದಲ್ಲಿ ವಿಶೇಷ ಮಹತ್ವದ್ದು. ಆರ್ಗನೋಫಾಸ್ಫೇಟ್‌ಗಳು ಒಂದೊಂದಾಗಿ ನಿಷೇಧಕ್ಕೊಳಪಟ್ಟು ಬೇರೆ ವರ್ಗದ ಕೀಟನಾಶಕಗಳು ಆ ಸ್ಥಾನಕ್ಕೆ ಬಂದಲ್ಲಿ, ಹಕ್ಕಿಗಳ ಕಿಣ್ವದ ಅಳತೆ ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತದೆ. ಆ ಸುಧಾರಣೆಯು ನಿಷೇಧ ಫಲಿಸಿದೆ ಎಂಬುದನ್ನು ತೋರಿಸುತ್ತದೆ. ಪರಿಸರ ವಿಷಮುಕ್ತವಾಗಿದೆ ಎಂಬುದನ್ನು ತೋರಿಸುವುದಿಲ್ಲ. ಈ ಎರಡು ತೀರ್ಮಾನಗಳನ್ನು ಬೆರೆಸುವುದು ಸರಿಯಾಗುವುದಿಲ್ಲ.

8. ಅಳತೆಯಿಂದ ಕ್ರಮದವರೆಗೆ

ಕಿಣ್ವದ ಪುರಾವೆಯು ಆಡಳಿತಾತ್ಮಕ ನಿರ್ಣಯಕ್ಕೆ ನೆರವಾದುದಕ್ಕೆ ಭೂಹಕ್ಕಿಗಳ ಪ್ರಕರಣವೊಂದನ್ನು ಇಲ್ಲಿ ಸ್ಮರಿಸಬಹುದು. 1995-96ರ ಬೇಸಿಗೆಯಲ್ಲಿ ಅರ್ಜೆಂಟೀನಾದ ಹುಲ್ಲುಗಾವಲು ಪ್ರದೇಶದಲ್ಲಿ, ಉತ್ತರ ಅಮೆರಿಕದಿಂದ ವಲಸೆ ಬಂದಿದ್ದ ಸ್ವೇನ್ಸನ್ಸ್ ಹಾಕ್ ಎಂಬ ಗಿಡುಗಗಳು ಸಾವಿರಾರು ಸಂಖ್ಯೆಯಲ್ಲಿ ಸತ್ತವು. ಸುಮಾರು 5,000 ಶವಗಳನ್ನು ಎಣಿಸಲಾಯಿತು. ಒಟ್ಟು ಸಾವು 20,000ದಷ್ಟಿರಬಹುದೆಂದು ಅಂದಾಜಿಸಲಾಯಿತು. ಮಿಡತೆಗಳ ನಿಯಂತ್ರಣಕ್ಕೆ ಸಿಂಪಡಿಸಿದ ಮಾನೋಕ್ರೋಟೋಫಾಸ್ ಇದಕ್ಕೆ ಕಾರಣವೆಂಬುದನ್ನು ಮಿದುಳಿನ ಕಿಣ್ವದ ಕುಸಿತ ಮತ್ತು ರಾಸಾಯನಿಕ ಉಳಿಕೆಯ ವಿಶ್ಲೇಷಣೆ ದೃಢಪಡಿಸಿದವು. ನಂತರ ಅರ್ಜೆಂಟೀನಾ ಆ ರಾಸಾಯನಿಕದ ಬಳಕೆಯನ್ನು ನಿರ್ಬಂಧಿಸಿ, ಮುಂದೆ ನಿಷೇಧಿಸಿತು. ಅಂತಹ ಸಾಮೂಹಿಕ ಸಾವು ಮರುಕಳಿಸಲಿಲ್ಲ.

ಭಾರತದಲ್ಲಿಯೂ ಇದೇ ರಾಸಾಯನಿಕದ ಕಥೆ ದೀರ್ಘವಾದುದು. ಸಾರಸ ಕೊಕ್ಕರೆಗಳು ಮಾನೋಕ್ರೋಟೋಫಾಸ್ ವಿಷಕ್ಕೆ ಬಲಿಯಾದುದನ್ನು 2004ರಲ್ಲಿ ಪ್ರಕಟವಾದ ಅಧ್ಯಯನವು ದಾಖಲಿಸಿದೆ. 2005ರಲ್ಲಿ ತರಕಾರಿ ಬೆಳೆಗಳಲ್ಲಿ ಅದರ ಬಳಕೆಯನ್ನು ನಿಷೇಧಿಸಲಾಯಿತು. 2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಇದೇ ವಿಷ ಬೆರೆತ ಬಿಸಿಯೂಟ ಸೇವಿಸಿ 23 ಮಕ್ಕಳು ಅಸುನೀಗಿದರು. ಹಿಂತೆಗೆತದ ಆದೇಶ ಬಂದದ್ದು 2023ರಲ್ಲಿ. ಹಕ್ಕಿಗಳಲ್ಲಿ ದಾಖಲಾದ ಪುರಾವೆಗೂ ಮಾರುಕಟ್ಟೆಯಿಂದ ಹಿಂತೆಗೆಯುವ ಆದೇಶಕ್ಕೂ ನಡುವೆ ಸುಮಾರು ಎರಡು ದಶಕಗಳು ಸಂದಿವೆ. ಹಕ್ಕಿಗಳಿಂದ ಬರುವ ಮುನ್ನೆಚ್ಚರಿಕೆಯನ್ನು ಸಕಾಲದಲ್ಲಿ ದಾಖಲಿಸುವುದು ಕೇವಲ ಹಕ್ಕಿಗಳ ಹಿತಕ್ಕಾಗಿ ಅಲ್ಲವೆಂಬುದು ಇದರಿಂದ ವೇದ್ಯವಾಗುತ್ತದೆ.

9. ಸಾರ್ವಜನಿಕರ ಹಾಗೂ ಅರ್ಜಿದಾರರ ಗಮನಕ್ಕೆ

ಕರ್ನಾಟಕದ ಕರಾವಳಿಯ ಅಳಿವೆಗಳಿಗೆ ಚಳಿಗಾಲದಲ್ಲಿ ಕಡಲಕಾಗೆಗಳು ಹಾಗೂ ರೀವಗಳು ವಲಸೆ ಬರುತ್ತವೆ. ಕಾಳಿ, ಅಘನಾಶಿನಿ, ಶರಾವತಿ, ನೇತ್ರಾವತಿ ಮೊದಲಾದ ನದಿಗಳು ತಮ್ಮ ಪಾತ್ರದ ತೋಟ, ಗದ್ದೆಗಳ ನೀರನ್ನು ಹೊತ್ತು ಕಡಲು ಸೇರುವುದು ಈ ಅಳಿವೆಗಳಲ್ಲಿಯೇ. ಇಲ್ಲಾಗಲಿ, ಒಳನಾಡಿನ ಕೆರೆ ಮತ್ತು ಹೊಲಗಳಲ್ಲಾಗಲಿ, ಹಕ್ಕಿಗಳ ಅಸಹಜ ಸಾವು ಕಂಡುಬಂದಲ್ಲಿ ಅದನ್ನು ಮೊದಲು ನೋಡುವವರು ಮೀನುಗಾರರು, ರೈತರು ಮತ್ತು ದಾರಿಹೋಕರು. ಅವರ ಮೊದಲ ಕೆಲವು ಗಂಟೆಗಳ ನಡವಳಿಕೆಯೇ ಮುಂದಿನ ಪರೀಕ್ಷೆಯ ಯಶಸ್ಸನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಆದುದರಿಂದ ಈ ಕೆಳಕಂಡ ಸೂಚನೆಗಳನ್ನು ಗಮನಿಸಬಹುದು:

(1) ಸತ್ತ ಅಥವಾ ನರಳುತ್ತಿರುವ ಹಕ್ಕಿಗಳನ್ನು ಬರಿಗೈಯಿಂದ ಮುಟ್ಟಬಾರದು. ಮಕ್ಕಳು, ನಾಯಿ ಹಾಗೂ ಕೋಳಿಗಳನ್ನು ದೂರವಿರಿಸಬೇಕು. ಯಾವುದೇ ಕಾರಣಕ್ಕೂ ಅವುಗಳ ಮಾಂಸವನ್ನು ಸೇವಿಸಬಾರದು.

(2) ಹಕ್ಕಿಗಳ ಸಾಮೂಹಿಕ ಸಾವಿಗೆ ಹಕ್ಕಿಜ್ವರವೂ ಕಾರಣವಾಗಿರಬಹುದು. ಕಾರಣವನ್ನು ತಾವೇ ಊಹಿಸಿ ಶವಗಳನ್ನು ಹೂಳುವುದು ಅಥವಾ ಸುಡುವುದು ಸಲ್ಲದು. ಸಮೀಪದ ಅರಣ್ಯ ಇಲಾಖೆಯ ಕಚೇರಿಗೆ ಅಥವಾ ಪಶು ಆಸ್ಪತ್ರೆಗೆ ಕೂಡಲೇ ಮಾಹಿತಿ ನೀಡಬೇಕು.

(3) ಸ್ಥಳ, ದಿನಾಂಕ, ವೇಳೆ, ಹಕ್ಕಿಗಳ ಜಾತಿ ಮತ್ತು ಅಂದಾಜು ಸಂಖ್ಯೆ, ಜೀವಂತವಾಗಿರುವ ಹಕ್ಕಿಗಳಲ್ಲಿ ಕಂಡ ನಡುಕ, ಜೊಲ್ಲು ಅಥವಾ ಹಾರಲಾಗದ ಸ್ಥಿತಿ, ಆಸುಪಾಸಿನಲ್ಲಿ ಇತ್ತೀಚೆಗೆ ನಡೆದ ಸಿಂಪಡಣೆ ಅಥವಾ ಬೀಜೋಪಚಾರದ ವಿವರಗಳನ್ನು ಬರೆದಿಟ್ಟುಕೊಂಡು ಅಧಿಕಾರಿಗಳಿಗೆ ತಿಳಿಸಬೇಕು. ಸಾಧ್ಯವಾದಲ್ಲಿ ದೂರದಿಂದ ಛಾಯಾಚಿತ್ರ ತೆಗೆಯಬಹುದು.

(4) ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ 39ನೇ ಪ್ರಕರಣದಂತೆ, ಸರ್ಕಾರದ ಸ್ವತ್ತೆಂದು ಪರಿಗಣಿತವಾದ ವನ್ಯಪ್ರಾಣಿಯ ಶವ ಯಾರದೇ ವಶಕ್ಕೆ ಬಂದಲ್ಲಿ 48 ಗಂಟೆಗಳೊಳಗೆ ಸಮೀಪದ ಪೊಲೀಸ್ ಠಾಣೆಗೆ ಅಥವಾ ಅಧಿಕೃತ ಅಧಿಕಾರಿಗೆ ವರದಿ ಮಾಡತಕ್ಕದ್ದು. ಕಿಣ್ವ ಪರೀಕ್ಷೆಯ ದೃಷ್ಟಿಯಿಂದ 48 ಗಂಟೆಗಳೂ ತಡವೇ. ಮಾಹಿತಿಯನ್ನು ಅದೇ ದಿನ ನೀಡುವುದು ಸೂಕ್ತ.

(5) ಸಂಶೋಧನೆಗಾಗಿ ವನ್ಯಹಕ್ಕಿಗಳ ರಕ್ತ ಅಥವಾ ಅಂಗಾಂಶ ಸಂಗ್ರಹಿಸಲು ಇಚ್ಛಿಸುವವರು ಸದರಿ ಅಧಿನಿಯಮದ 12ನೇ ಪ್ರಕರಣದನ್ವಯ ಪೂರ್ವಾನುಮತಿಗೆ ಅರ್ಜಿ ಸಲ್ಲಿಸಬೇಕಾಗಿರುತ್ತದೆ. ಜಾತಿ, ಹಕ್ಕಿಗಳ ಸಂಖ್ಯೆ, ಸ್ಥಳ, ಋತು, ಮಾದರಿಯ ಶೇಖರಣಾ ವಿಧಾನ ಹಾಗೂ ಆಧಾರಮಟ್ಟವನ್ನು ಪಡೆಯುವ ಕ್ರಮವನ್ನು ಅರ್ಜಿಯಲ್ಲಿ ಸ್ಪಷ್ಟಪಡಿಸಿದಲ್ಲಿ ಪರಿಶೀಲನೆಗೆ ಅನುಕೂಲ. ಸಿಂಪಡಣೆಯ ಹಂಗಾಮಿಗೆ ಮುನ್ನವೂ ನಂತರವೂ ಮಾದರಿ ತೆಗೆಯುವ ಯೋಜನೆಯೇ ಹೆಚ್ಚು ಉಪಯುಕ್ತವೆಂಬುದನ್ನು ಅರ್ಜಿದಾರರು ಗಮನಿಸಬೇಕು.

(6) ಹಕ್ಕಿಗಳ ಸಾವಿನ ತನಿಖಾ ವರದಿಯ ಪ್ರತಿಯನ್ನು ಮಾಹಿತಿ ಹಕ್ಕು ಅಧಿನಿಯಮ, 2005ರನ್ವಯ ಕೋರಬಹುದು. ಮಾಹಿತಿ ಒದಗಿಸಲು ಸಾಮಾನ್ಯವಾಗಿ 30 ದಿನಗಳ ಕಾಲಮಿತಿ ಇರುತ್ತದೆ. ಕಿಣ್ವ ಪರೀಕ್ಷೆಯ ವರದಿಯನ್ನು ಓದುವಾಗ ನಾಲ್ಕು ಅಂಶಗಳನ್ನು ನೋಡತಕ್ಕದ್ದು: ಯಾವ ಜಾತಿಯ ಎಷ್ಟು ಹಕ್ಕಿಗಳನ್ನು ಆಧಾರಮಟ್ಟಕ್ಕೆ ಬಳಸಲಾಗಿದೆ; ಸಾವಿನ ಎಷ್ಟು ಸಮಯದ ನಂತರ ಮಾದರಿ ಸಂಗ್ರಹಿಸಿ ಹೇಗೆ ಇರಿಸಲಾಗಿದೆ; ಪುನಶ್ಚೇತನ ಪರೀಕ್ಷೆ ನಡೆದಿದೆಯೇ; ಜಠರದ ಆಹಾರದ ರಾಸಾಯನಿಕ ವಿಶ್ಲೇಷಣೆ ನಡೆದಿದೆಯೇ.

(7) ಸಿಂಪಡಣೆಯ ನಂತರ ಮನುಷ್ಯರಲ್ಲಿ ವಾಂತಿ, ಅತಿಯಾದ ಬೆವರು, ಜೊಲ್ಲು, ದೃಷ್ಟಿ ಮಸುಕಾಗುವುದು, ಸ್ನಾಯುಗಳ ಅದುರುವಿಕೆ ಅಥವಾ ಉಸಿರಾಟದ ತೊಂದರೆ ಕಂಡುಬಂದಲ್ಲಿ, ಪರೀಕ್ಷಾ ವರದಿಗೆ ಕಾಯದೆ, ಕೀಟನಾಶಕದ ಡಬ್ಬಿ ಅಥವಾ ಅದರ ಚೀಟಿಯೊಂದಿಗೆ ಸಮೀಪದ ಆಸ್ಪತ್ರೆಗೆ ಕೂಡಲೇ ಕರೆದೊಯ್ಯಬೇಕು.

(8) ಖಾಲಿಯಾದ ಕೀಟನಾಶಕದ ಡಬ್ಬಿಗಳನ್ನು ನೀರು, ಎಣ್ಣೆ, ಧಾನ್ಯ ತುಂಬಿಡಲು ಬಳಸಬಾರದು. ಹಳ್ಳ, ಕೆರೆ, ನದಿಗಳಲ್ಲಿ ಡಬ್ಬಿಗಳನ್ನಾಗಲಿ ಸಿಂಪಡಣಾ ಯಂತ್ರಗಳನ್ನಾಗಲಿ ತೊಳೆಯಬಾರದು. ವಿಷ ಲೇಪಿಸಿದ ಬಿತ್ತನೆ ಬೀಜವನ್ನು ಮಣ್ಣಿನ ಮೇಲೆ ಚೆಲ್ಲಿ ಬಿಡದೆ ಮುಚ್ಚಬೇಕು.

10. ಉಪಸಂಹಾರ

ಪೀಡೆನಾಶಕ ನಿಯಂತ್ರಣದ ಆದೇಶಗಳು ರಾಜಪತ್ರದಲ್ಲಿ ಪ್ರಕಟವಾಗುತ್ತವೆ. ಅವು ಫಲಿಸಿವೆಯೇ ಎಂಬುದಕ್ಕೆ ಉತ್ತರ ಹಕ್ಕಿಯ ರಕ್ತ ಮತ್ತು ಮಿದುಳಿನಲ್ಲಿ ದೊರೆಯುತ್ತದೆ. ಅನಕಾಪಾ ದ್ವೀಪದ ಹೆಜ್ಜಾರ್ಲೆ ಹಾಗೂ ಟೆಕ್ಸಾಸ್‌ನ ಕಡಲಕಾಗೆಗಳ ಸಾವಿನಿಂದ ಪಾಠ ಕಲಿಯಲು ಸಾಧ್ಯವಾದುದು, ಅವುಗಳನ್ನು ಸಕಾಲದಲ್ಲಿ ಗಮನಿಸಿ, ಅಳೆದು, ದಾಖಲಿಸಿದವರು ಇದ್ದುದರಿಂದ. ಕಿಣ್ವ ಪರೀಕ್ಷೆಯು ಸರಳವೂ ಅಗ್ಗವೂ ಆದ ವಿಧಾನ. ಅದರ ಬೆಲೆ ನಿಂತಿರುವುದು ಎರಡು ಸಂಗತಿಗಳ ಮೇಲೆ: ಅನಾಹುತಕ್ಕೆ ಮುನ್ನವೇ ದಾಖಲಾದ ಆಧಾರಮಟ್ಟ ಮತ್ತು ಅನಾಹುತದ ದಿನವೇ ತಲುಪಿದ ಮಾಹಿತಿ. ಮೊದಲನೆಯದು ಸಂಶೋಧನಾ ಸಂಸ್ಥೆಗಳ ಹಾಗೂ ಆಡಳಿತದ ಹೊಣೆ. ಎರಡನೆಯದು ಕಡಲತೀರದಲ್ಲಿ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ ಸತ್ತ ಹಕ್ಕಿಯನ್ನು ಮೊದಲು ಕಂಡ ನಾಗರಿಕರಿಂದ ಮಾತ್ರ ಸಾಧ್ಯ.